ಕತ್ತರಿಸಿ ಕೂಡಿಸುವ ಕಲೆ

1895ರ ಡಿಸೆಂಬರ್ 28ರಂದು ಪ್ಯಾರಿಸ್ ನಗರದ ಗ್ರಾಂಡ್ ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಸೋದರರು ಹಣ ತೆತ್ತು ಬಂದ ಪ್ರೇಕ್ಷಕರ ಮುಂದೆ ಪ್ರದರ್ಶಿಸಿದ ಹತ್ತು ಚಿತ್ರಗಳಲ್ಲಿ ಒಂದೊಂದೂ ಸುಮಾರು 50 ಸೆಕೆಂಡುಗಳ ಕಾಲ ಮಾತ್ರ ನಡೆಯುತ್ತಿದ್ದಿತು. ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ ಹಿಡಿಯನ್ನು ತಿರುಗಿಸಲಾರಂಭಿಸಿದೊಡನೆ ಚಿತ್ರವು ಮೊದಲಾಗುತ್ತಿದ್ದಿತು. ಒಳಗಿನ ಫಿಲ್ಮ್ ತೀರಿದೊಡನೆ ತಾನೂ ತೀರುತ್ತಿದ್ದಿತು. ಕಾರ್ಖಾನೆಯ ಬಾಗಿಲಿನಿಂದ ಹೊರಬೀಳುವ ಕಾರ್ಮಿಕರು, ಮಗುವಿಗೆ ಉಣಿಸುತ್ತಿರುವ ತಾಯಿತಂದೆಯರು, ಹೀಗೆ ಕಂಡುದನ್ನು ಕಂಡಂತೆ ತೋರಿಸಿದ ಆ ಚಿತ್ರಗಳು ನೋಡಿದವರನ್ನು ಬೆರಗುಗೊಳಿಸಿದುವು. ಆದರೆ ಚಲನಚಿತ್ರವು ಒಂದು ಸ್ವತಂತ್ರ ಕಲೆಯಾಗಿ ಬೆಳೆಯತೊಡಗಿದುದು, ನಡೆಯುತ್ತಿರುವ ನೋಟವೊಂದನ್ನು ನಡುವೆಯೇ ಕತ್ತರಿಸಿ ಅದರ ತುದಿಗೆ ಬೇರೊಂದು ನೋಟವನ್ನು ಅಂಟಿಸುವ ಧೈರ್ಯ ಮನುಷ್ಯನಿಗೆ ಬಂದ ಬಳಿಕ. ಆ ಕಾರ್ಯವೇ ಸಂಕಲನ. ಅದರ ಶಕ್ತಿಯ ಬಹುಪಾಲು ಇರುವುದು ಕತ್ತರಿಯಲ್ಲಲ್ಲ, ನೋಡುವವನ ಮನಸ್ಸಿನಲ್ಲಿ ಎಂಬುದನ್ನು ಈ ಕಲೆಯ ಚರಿತ್ರೆಯು ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ಅಮೆರಿಕದ ಎಡ್ವಿನ್ ಪೋರ್ಟರ್ 1903ರಲ್ಲಿ ತಯಾರಿಸಿದ ‘ದಿ ಗ್ರೇಟ್ ಟ್ರೇನ್ ರಾಬರಿ’ ಎಂಬ ಹನ್ನೆರಡು ನಿಮಿಷಗಳಷ್ಟರ ಚಿತ್ರದಲ್ಲಿ, ದರೋಡೆಕೋರರು ರೈಲನ್ನು ಕೊಳ್ಳೆಹೊಡೆದು ಪಲಾಯನ ಮಾಡಿದ ನೋಟವಾದ ಮೇಲೆ, ಅವರು ಕಟ್ಟಿಹಾಕಿದ್ದ ತಂತಿಕಚೇರಿಯ ನೌಕರನನ್ನು ಅವನ ಮಗಳು ಬಂದು ಬಿಡಿಸುವ ನೋಟ ಬರುತ್ತದೆ. ‘ಅತ್ತ ಅದು ನಡೆಯುತ್ತಿರಲಾಗಿ ಇತ್ತ ಇದು ನಡೆಯಿತು’ ಎಂದು ನಮ್ಮ ಕಥೆಗಾರರು ಬಾಯಿಮಾತಿನಲ್ಲಿ ಹೇಳುವುದನ್ನು ತೆರೆಯ ಮೇಲೆ ಮಾತಿಲ್ಲದೆಯೇ ಹೇಳಬಹುದೆಂಬುದು ಇಂತಹ ಪ್ರಯೋಗಗಳಿಂದ ತಿಳಿದುಬಂದಿತು. ಡಿ. ಡಬ್ಲ್ಯು. ಗ್ರಿಫಿತ್ ಈ ಉಪಾಯಕ್ಕೆ ವೇಗವನ್ನೂ ಲಯವನ್ನೂ ಕೊಟ್ಟನು. ಆಪತ್ತಿಗೆ ಸಿಲುಕಿದ ಮನೆಮಂದಿ ಒಂದು ಕಡೆ, ಅವರನ್ನು ಕಾಪಾಡಲು ಧಾವಿಸುತ್ತಿರುವವನು ಇನ್ನೊಂದು ಕಡೆ; ಈ ಎರಡು ನೋಟಗಳೂ ಸರದಿಯಂತೆ ಬರುತ್ತ, ಪ್ರತಿ ಸಲವೂ ಹ್ರಸ್ವವಾಗುತ್ತ ಹೋದಂತೆ ಪ್ರೇಕ್ಷಕನ ಎದೆಬಡಿತವೂ ಏರುತ್ತದೆ. 1916ರ ‘ಇನ್‌ಟಾಲರೆನ್ಸ್’ನಲ್ಲಿ ಅವನು ಪ್ರಾಚೀನ ಬ್ಯಾಬಿಲೋನ್, ಕ್ರಿಸ್ತನ ಕಾಲ, ಹದಿನಾರನೆಯ ಶತಮಾನದ ಫ್ರಾನ್ಸ್ ಮತ್ತು ತನ್ನ ಕಾಲದ ಅಮೆರಿಕ ಎಂಬ ನಾಲ್ಕು ಯುಗಗಳ ಕಥೆಗಳನ್ನು ಒಂದರೊಳಗೊಂದು ಹೆಣೆದು, ಕಾಲವೂ ದೇಶವೂ ಸಂಕಲನಕಾರನ ಕೈಯಲ್ಲಿ ಎಷ್ಟು ವಿಧೇಯವಾಗಬಲ್ಲುವೆಂಬುದನ್ನು ತೋರಿಸಿದನು.

ಈ ಚಿತ್ರವನ್ನು ಪಠ್ಯಗ್ರಂಥದಂತೆ ಅಭ್ಯಾಸಮಾಡಿದವರು ಕ್ರಾಂತಿಯ ನಂತರದ ರಷ್ಯದ ತರುಣರು. ಹೊಸ ಫಿಲ್ಮಿಗೆ ತೀವ್ರವಾದ ಅಭಾವವಿದ್ದ ಆ ದಿನಗಳಲ್ಲಿ, ಮಾಸ್ಕೋದ ಲೆವ್ ಕುಲೆಶೋವ್ ಮತ್ತು ಅವನ ಶಿಷ್ಯರು ಕೈಗೆ ಸಿಕ್ಕ ಹಳೆಯ ತುಣುಕುಗಳನ್ನೇ ಬಗೆಬಗೆಯಾಗಿ ಜೋಡಿಸಿ ಪರೀಕ್ಷಿಸುತ್ತಿದ್ದರು. ಅವರಲ್ಲೊಬ್ಬನಾದ ಪುಡೋವ್ಕಿನ್ ಬರೆದಿಟ್ಟಿರುವಂತೆ, ಮೊಸ್ಜೂಕಿನ್ ಎಂಬ ಪ್ರಸಿದ್ಧ ನಟನ ಭಾವರಹಿತವಾದ ಮುಖದ ತುಣುಕೊಂದನ್ನು ಆರಿಸಿಕೊಂಡು, ಅದರ ಜೊತೆಗೆ ಒಮ್ಮೆ ಸೂಪಿನ ತಟ್ಟೆಯನ್ನೂ, ಇನ್ನೊಮ್ಮೆ ಶವಪೆಟ್ಟಿಗೆಯಲ್ಲಿ ಮಲಗಿದ್ದ ಹೆಂಗಸನ್ನೂ, ಮತ್ತೊಮ್ಮೆ ಆಟಿಕೆಯೊಡನೆ ಆಡುತ್ತಿದ್ದ ಪುಟ್ಟ ಬಾಲಕಿಯನ್ನೂ ಜೋಡಿಸಿ ತೋರಿಸಲಾಯಿತು. ಗುಟ್ಟನ್ನರಿಯದ ಪ್ರೇಕ್ಷಕರು ನಟನ ಹಸಿವನ್ನೂ ದುಃಖವನ್ನೂ ವಾತ್ಸಲ್ಯವನ್ನೂ ಕಂಡು ಅವನ ಅಭಿನಯವನ್ನು ಕೊಂಡಾಡಿದರಂತೆ. ಮುಖವು ಮೂರು ಸಲವೂ ಒಂದೇ. ಭಾವವು ಹುಟ್ಟಿದುದು ನೋಡಿದವರ ಹೃದಯದಲ್ಲಿ. ನಮ್ಮ ಆಲಂಕಾರಿಕರು ಕಾವ್ಯದಲ್ಲಿ ವಾಚ್ಯಾರ್ಥಕ್ಕೆ ಮಿಗಿಲಾದ ಧ್ವನಿಯೊಂದಿದೆಯೆಂದೂ, ಅದು ಸಹೃದಯನಿಗೆ ಗೋಚರಿಸುವಂತಹುದೆಂದೂ ಹೇಳಿದರಷ್ಟೆ. ಚಲನಚಿತ್ರದ ಮಟ್ಟಿಗೆ ಆ ತತ್ತ್ವಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವು ದೊರೆಯಲಾರದು.

ಸೆರ್ಗೈ ಐಸೆನ್‌ಸ್ಟೈನನು ಇದೇ ತತ್ತ್ವವನ್ನು ಘರ್ಷಣೆಯ ಮಟ್ಟಕ್ಕೆ ಒಯ್ದನು. 1925ರ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ ಚಿತ್ರದಲ್ಲಿ ಒಡೆಸ್ಸಾ ನಗರದ ಮೆಟ್ಟಲುಗಳ ಮೇಲೆ ಸೈನಿಕರು ಜನರನ್ನು ಕೊಲ್ಲುತ್ತ ಇಳಿಯುವ ಭಾಗದಲ್ಲಿ, ಸಾಲುಗಟ್ಟಿದ ಬೂಟುಗಳು, ಚೀರುವ ಮುಖಗಳು, ತಾಯಿಯ ಕೈತಪ್ಪಿ ಉರುಳುವ ಮಗುವಿನ ಗಾಡಿ ಇವುಗಳನ್ನು ಅವನು ಎಷ್ಟು ತುಣುಕುಗಳಾಗಿ ಒಡೆದು ಜೋಡಿಸಿದ್ದಾನೆಂದರೆ, ನಿಜವಾಗಿ ಇಳಿದು ಮುಗಿಸಲು ಬೇಕಾಗುವುದಕ್ಕಿಂತ ಬಹಳ ಹೆಚ್ಚಿನ ಕಾಲವನ್ನು ಆ ಮೆಟ್ಟಲುಗಳು ತೆರೆಯ ಮೇಲೆ ತೆಗೆದುಕೊಳ್ಳುತ್ತವೆ. ಭೀತಿಯಲ್ಲಿ ಕಾಲವು ಹಿಗ್ಗುವ ಅನುಭವವನ್ನು ಅವನು ಹಾಗೆ ಮೂಡಿಸಿದನು. ಆ ಭಾಗದ ಕೊನೆಯಲ್ಲಿ ಯುದ್ಧನೌಕೆಯ ಫಿರಂಗಿಗಳು ಗರ್ಜಿಸಲು ಕಲ್ಲಿನ ಸಿಂಹವೊಂದು ಎದ್ದುನಿಲ್ಲುತ್ತದೆ. ಕ್ರಿಮಿಯಾದ ಅಲುಪ್ಕಾ ಅರಮನೆಯಲ್ಲಿದ್ದ, ನಿದ್ರಿಸುವ, ಎಚ್ಚರಗೊಂಡ, ತಲೆಯೆತ್ತಿ ಏಳುತ್ತಿರುವ ಮೂರು ಬೇರೆ ಬೇರೆ ಶಿಲಾಸಿಂಹಗಳನ್ನು ಕ್ಷಿಪ್ರವಾಗಿ ಒಂದರ ಹಿಂದೊಂದು ಇಟ್ಟುದರಿಂದ ಉಂಟಾದ ಪರಿಣಾಮ ಅದು.

ಸಂಕಲನದ ಕೊಠಡಿಯಲ್ಲಿ ಈ ಕಲೆಯು ಬಹುಕಾಲ ಕೈಗೆಲಸವಾಗಿಯೇ ಇದ್ದಿತು. 35 ಮಿಲಿಮೀಟರ್ ಅಗಲದ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳು. ಮಾತಿನ ಚಿತ್ರವು ಸೆಕೆಂಡಿಗೆ 24 ಚೌಕಟ್ಟುಗಳಂತೆ ಓಡುವುದರಿಂದ ಒಂದು ನಿಮಿಷಕ್ಕೆ 90 ಅಡಿ. ಸಂಕಲನಕಾರರು ಪಾಸಿಟಿವ್ ಪ್ರತಿಯನ್ನು ಮೂವಿಯೋಲಾ ಎಂಬ ಯಂತ್ರದಲ್ಲಿ ಮುಂದಕ್ಕೂ ಹಿಂದಕ್ಕೂ ಓಡಿಸಿ, ಬೇಕಾದ ಚೌಕಟ್ಟಿನ ಮೇಲೆ ಮೇಣದ ಪೆನ್ಸಿಲಿನಿಂದ ಗುರುತುಹಾಕಿ, ಕತ್ತರಿಸಿ, ತುದಿಗೆ ತುದಿ ಸೇರಿಸಿ, ಉಳಿದ ತುಣುಕುಗಳನ್ನು ಬಟ್ಟೆಯ ತೊಟ್ಟಿಯ ಮೇಲಿನ ಮೊಳೆಗಳಿಗೆ ಸಾಲಾಗಿ ತೂಗುಹಾಕುತ್ತಿದ್ದರು. ಎಲ್ಲವೂ ನಿಶ್ಚಯವಾದ ಮೇಲೆ, ಅಂಚಿನಲ್ಲಿ ಅಚ್ಚಾಗಿರುವ ಸಂಖ್ಯೆಗಳ ಆಧಾರದಿಂದ ಮೂಲ ನೆಗೆಟಿವನ್ನು ಹಾಗೆಯೇ ಕತ್ತರಿಸಲಾಗುತ್ತಿದ್ದಿತು. ಅಲ್ಲಿ ತಪ್ಪಿದರೆ ಸರಿಪಡಿಸುವ ದಾರಿಯಿರಲಿಲ್ಲ. ಚಿತ್ರೋದ್ಯಮದ ಇತರ ಶಾಖೆಗಳಲ್ಲಿ ಸ್ತ್ರೀಯರಿಗೆ ಪ್ರವೇಶವೇ ದುರ್ಲಭವಾಗಿದ್ದಾಗಲೂ ಈ ಮೇಜಿನ ಮುಂದೆ ಅವರು ಮೊದಲಿನಿಂದಲೂ ಇದ್ದರು. ಜೀಗಾ ವೆರ್ತೋವನ 1929ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ ಚಿತ್ರದಲ್ಲಿ ಅವನ ಪತ್ನಿ ಎಲಿಜವೆತಾ ಸ್ವಿಲೋವಾ ಫಿಲ್ಮನ್ನು ಕತ್ತರಿಸಿ ಜೋಡಿಸುತ್ತಿರುವುದನ್ನು ತೆರೆಯ ಮೇಲೆಯೇ ಕಾಣಬಹುದು.

ಒಂದು ಛೇದವು ಎಷ್ಟು ಸೂಕ್ಷ್ಮವಾದುದೆಂಬುದನ್ನು ತಿಳಿಯಲು 1962ರ ‘ಲಾರೆನ್ಸ್ ಆಫ್ ಅರೇಬಿಯಾ’ವನ್ನು ನೋಡಬೇಕು. ಲಾರೆನ್ಸನು ಉರಿಯುವ ಕಡ್ಡಿಯನ್ನು ಊದಿ ಆರಿಸುತ್ತಾನೆ. ಮರುಕ್ಷಣ ಅಪಾರವಾದ ಮರುಭೂಮಿಯ ಅಂಚಿನಲ್ಲಿ ಸೂರ್ಯೋದಯ. ಒಂದು ನೋಟವು ಇನ್ನೊಂದರಲ್ಲಿ ಮೆಲ್ಲನೆ ಕರಗಬೇಕೆಂಬುದು ಮೊದಲಿನ ಯೋಜನೆಯಾಗಿದ್ದಿತು. ಆದರೆ ಅಂತಹ ಕರಗುವಿಕೆಯನ್ನು ಪ್ರಯೋಗಾಲಯದಲ್ಲಿಯೇ ಸಿದ್ಧಪಡಿಸಬೇಕಾಗಿದ್ದುದರಿಂದ, ಕೆಲಸದ ಪ್ರತಿಯಲ್ಲಿ ಎರಡು ತುದಿಗಳನ್ನೂ ನೇರವಾಗಿ ಸೇರಿಸಲಾಗಿದ್ದಿತು. ಅದನ್ನು ನೋಡಿದೊಡನೆ ನಿರ್ದೇಶಕ ಡೇವಿಡ್ ಲೀನ್‌ಗೂ ಸಂಕಲನಕಾರ್ತಿ ಆ್ಯನ್ ಕೋಟ್ಸ್‌ಗೂ ನೇರವಾದ ಛೇದವೇ ಸರಿಯೆಂದು ತೋರಿತು. ಇನ್ನಷ್ಟು ತಿದ್ದಬೇಕೆಂದು ಲೀನ್ ಹೇಳಲು ತಾವು ಎರಡು ಚೌಕಟ್ಟುಗಳನ್ನು ತೆಗೆದುಹಾಕಿದುದಾಗಿ ಕೋಟ್ಸ್ ನೆನೆದುಕೊಂಡಿದ್ದಾರೆ. ಎರಡು ಚೌಕಟ್ಟೆಂದರೆ ಸೆಕೆಂಡಿನ ಹನ್ನೆರಡನೆಯ ಒಂದು ಭಾಗ!

ಈ ಕಲೆಗೆ ನಿಯಮಗಳಿಲ್ಲವೆಂದಲ್ಲ. ಸಂಭಾಷಿಸುತ್ತಿರುವ ಇಬ್ಬರ ನಡುವೆ ಒಂದು ರೇಖೆಯನ್ನು ಕಲ್ಪಿಸಿಕೊಂಡು ಕ್ಯಾಮೆರಾವು ಅದರ ಒಂದೇ ಪಕ್ಕದಲ್ಲಿರಬೇಕು, ಇಲ್ಲವಾದರೆ ಎದುರುಬದುರಾದವರು ಒಂದೇ ದಿಕ್ಕಿಗೆ ನೋಡುವಂತೆ ಕಾಣುವರು ಎಂಬುದು ಅವುಗಳಲ್ಲೊಂದು. ಆದರೆ 1960ರಲ್ಲಿ ಗೊದಾರ್ ತನ್ನ ‘ಬ್ರೆತ್‌ಲೆಸ್’ ಚಿತ್ರವು ಅತಿ ದೀರ್ಘವಾದಾಗ ಒಂದೇ ನೋಟದ ನಡುನಡುವಿನ ಭಾಗಗಳನ್ನು ಕಿತ್ತು, ನೆಗೆತದಂತೆ ಕಾಣುವ ಛೇದಗಳನ್ನು ಹಾಗೆಯೇ ಉಳಿಸಿದನು. ದೋಷವೆನ್ನಬಹುದಾಗಿದ್ದುದು ಹೊಸದೊಂದು ಶೈಲಿಯಾಯಿತು. 1979ರ ‘ಅಪಾಕಲಿಪ್ಸ್ ನೌ’ ಚಿತ್ರದ ಸಂಕಲನಕಾರರಲ್ಲೊಬ್ಬರಾದ ವಾಲ್ಟರ್ ಮರ್ಚ್ ಹನ್ನೆರಡೂವರೆ ಲಕ್ಷ ಅಡಿ, ಎಂದರೆ 230 ಗಂಟೆಗಳಿಗೂ ಮಿಕ್ಕ ಫಿಲ್ಮಿನಿಂದ ಸುಮಾರು ಎರಡೂವರೆ ಗಂಟೆಯ ಚಿತ್ರವನ್ನು ಹೊರತೆಗೆಯುವ ಕಾರ್ಯದಲ್ಲಿ ಪಾಲ್ಗೊಂಡವರು. ಕಥೆ, ಲಯ, ನಿಯಮಗಳಿಗಿಂತ ಹೆಚ್ಚಾಗಿ ಆ ಕ್ಷಣದ ಭಾವಕ್ಕೆ ಛೇದವು ನಿಷ್ಠವಾಗಿರಬೇಕೆಂದೂ, ಅರ್ಧಕ್ಕೆ ಮಿಗಿಲಾದ ತೂಕವು ಅದಕ್ಕೇ ಸಲ್ಲಬೇಕೆಂದೂ ಅವರ ಅಭಿಪ್ರಾಯ. ಭಾವವು ಭಾಷೆಯ ಗಡಿಯನ್ನು ಬಲ್ಲುದಲ್ಲ. ಕನ್ನಡ ಚಿತ್ರಗಳಲ್ಲಿ ಹೆಸರಾದ ಸುರೇಶ್ ಅರಸ್ 1995ರ ‘ಬಾಂಬೆ’ ಎಂಬ ತಮಿಳು ಚಿತ್ರದ ಸಂಕಲನಕ್ಕಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದುದು ಈ ಮಾತಿಗೆ ಸಾಕ್ಷಿ.

ದೂರದರ್ಶನದ ದಾರಿ ಬೇರೆಯಾಗಿದ್ದಿತು. ಅಲ್ಲಿ ಹಲವು ಕ್ಯಾಮೆರಾಗಳ ನೋಟಗಳಲ್ಲಿ ಯಾವುದು ಜನರಿಗೆ ಕಾಣಬೇಕೆಂಬುದನ್ನು ಕಾರ್ಯಕ್ರಮ ನಡೆಯುತ್ತಿರುವಾಗಲೇ ನಿರ್ಣಯಿಸಬೇಕಾಗಿದ್ದಿತು. 1956ರಲ್ಲಿ ಆ್ಯಂಪೆಕ್ಸ್ ಸಂಸ್ಥೆಯ ಎರಡಂಗುಲದ ವಿಡಿಯೋ ಟೇಪು ಬಂದ ಮೇಲೂ ಸಂಕಲನವು ಸುಲಭವಾಗಲಿಲ್ಲ. ಟೇಪಿನ ಮೇಲೆ ಕಣ್ಣಿಗೆ ಕಾಣುವ ಚಿತ್ರವೇ ಇಲ್ಲವಷ್ಟೆ! ಕಬ್ಬಿಣದ ಸೂಕ್ಷ್ಮ ಕಣಗಳಿದ್ದ ದ್ರವವನ್ನು ಬಳಿದು, ಆಗ ಮೂಡುವ ಕಾಂತರೇಖೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಬ್ಲೇಡಿನಿಂದ ಕತ್ತರಿಸಿ ಜೋಡಿಸುತ್ತಿದ್ದರು. ಮುಂದೆ ಗಣಕಯಂತ್ರವು ಆ ಶ್ರಮವನ್ನು ತಪ್ಪಿಸಿತು. ಮರ್ಚ್ ಅವರೇ ಆವಿಡ್ ಯಂತ್ರದ ನೆರವಿನಿಂದ ಸಂಕಲಿಸಿದ 1996ರ ‘ದಿ ಇಂಗ್ಲಿಷ್ ಪೇಷಂಟ್’, ಡಿಜಿಟಲ್ ವಿಧಾನದಲ್ಲಿ ಸಿದ್ಧವಾಗಿ ಸಂಕಲನದ ಆಸ್ಕರ್ ಪಡೆದ ಚಿತ್ರಗಳಲ್ಲಿ ಮೊದಲನೆಯದು.

ಅಂದು ಕೆಲವರ ಸ್ವತ್ತಾಗಿದ್ದ ಕತ್ತರಿಯು ಇಂದು ಮೊಬೈಲುಳ್ಳವರೆಲ್ಲರ ಕೈಯಲ್ಲಿದೆ. ಆದುದರಿಂದಲೇ ಕುಲೆಶೋವನ ಪರೀಕ್ಷೆಯ ಪಾಠವನ್ನು ಪ್ರೇಕ್ಷಕರಾದ ನಾವು ಮರೆಯಲಾಗದು. ಸಭೆಯೊಂದರಲ್ಲಿ ಯಾವಾಗಲೋ ನಕ್ಕವನ ಮುಖವನ್ನು ಇನ್ನೊಬ್ಬನ ದುಃಖದ ಮಾತಿನ ಬಳಿಕ ಜೋಡಿಸಿದರೆ ಅವನು ನಿರ್ದಯನಾಗಿ ಕಾಣುವನು. ಭಾಷಣದ ಒಂದು ವಾಕ್ಯದ ಹಿಂದುಮುಂದನ್ನು ಕಿತ್ತರೆ ಅದರ ಅರ್ಥವೇ ತಲೆಕೆಳಗಾಗುವುದು. ಇಂತಹ ಮೋಸದಲ್ಲಿ ಒಂದೊಂದು ತುಣುಕೂ ಸತ್ಯವಾಗಿಯೇ ಇರುವುದರಿಂದ ಅದನ್ನು ಹಿಡಿಯುವುದು ಕಷ್ಟ. ಕಥಾಚಿತ್ರವು ನಮ್ಮ ಮನಸ್ಸನ್ನು ನಮ್ಮ ಸಮ್ಮತಿಯಿಂದಲೇ ರಸಾನುಭವಕ್ಕೆ ಒಯ್ಯುತ್ತದೆ. ಸುದ್ದಿಯ ಚಿತ್ರಕ್ಕೆ ಆ ಸಮ್ಮತಿಯಿಲ್ಲ. ಶಾಲೆಗಳಲ್ಲಿ ಮಕ್ಕಳಿಗೆ ವಾಕ್ಯವನ್ನು ಬಿಡಿಸಿ ಅನ್ವಯಿಸುವುದನ್ನು ಕಲಿಸುವಂತೆಯೇ, ಚಲಿಸುವ ಚಿತ್ರವನ್ನು ಬಿಡಿಸಿ ನೋಡುವುದನ್ನೂ ಕಲಿಸಬೇಕಾದ ಕಾಲ ಬಂದಿದೆ. ಎರಡು ನೋಟಗಳ ನಡುವೆ ಏನನ್ನು ಬಿಟ್ಟಿದ್ದಾರೆ, ಇವುಗಳನ್ನು ಇದೇ ಕ್ರಮದಲ್ಲಿ ಏಕೆ ಇಟ್ಟಿದ್ದಾರೆ ಎಂದು ಕೇಳಬಲ್ಲ ಪ್ರೇಕ್ಷಕನು ಒಳ್ಳೆಯ ಸಂಕಲನವನ್ನು ಇನ್ನಷ್ಟು ಸವಿಯುವನು. ಕೆಟ್ಟ ಸಂಕಲನಕ್ಕೆ ಸುಲಭವಾಗಿ ವಶವಾಗನು.