ಮಾಗಿಯಲ್ಲಿ ಗಿಡಗಳ ಆರೈಕೆ

ಕಾರ್ತಿಕ ಮಾಸ ಕಳೆಯುತ್ತಲೇ ಬಯಲುಸೀಮೆಯ ಬೆಳಗುಗಳಲ್ಲಿ ಮಂಜು ಕವಿಯತೊಡಗುತ್ತದೆ; ಹಗಲು ಮೊಟಕಾಗುತ್ತದೆ. ಈ ಕಾಲದಲ್ಲಿ ಅಂಗಳದ ಅಥವಾ ಮನೆಯೊಳಗಿನ ಗಿಡವೊಂದು ಬಾಡಿ ಸತ್ತರೆ ಅದಕ್ಕೆ ಚಳಿಯೇ ಕಾರಣವೆಂದು ಜನ ಭಾವಿಸುವುದುಂಟು. ಶೀತದೇಶಗಳ ಮಟ್ಟಿಗೆ ಈ ಮಾತು ನಿಜ. ಅಲ್ಲಿ ಉಷ್ಣತೆ ಸೊನ್ನೆ ಡಿಗ್ರಿಗಿಂತ ಕೆಳಗಿಳಿದಾಗ ಎಳೆಯ ಗಿಡಗಳೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶಗಳು ನಾಶವಾಗುತ್ತವೆ. ಬೆಂಗಳೂರಿನಲ್ಲಿಯಾದರೋ ದಾಖಲೆಯಾಗಿರುವ ಅತ್ಯಂತ ಕಡಮೆ ಉಷ್ಣತೆಯೇ 7.8 ಡಿಗ್ರಿ ಸೆಲ್ಸಿಯಸ್. ಅದೂ 1884ರ ಜನವರಿಯಲ್ಲಿ. ಇಂತಹ ಹವೆಯಲ್ಲಿ ಕುಂಡದ ಗಿಡಗಳಿಗೆ ಚಳಿಗಿಂತ ಹೆಚ್ಚು ಅಪಾಯ ತರುವುದು ಅಕ್ಕರೆಯಿಂದ ಎರೆದ ನೀರು.

ಬೇರು ಹೀರಿದ ನೀರಿನ ಬಹುಭಾಗ ಎಲೆಗಳ ಸೂಕ್ಷ್ಮ ರಂಧ್ರಗಳ ಮೂಲಕ ಆವಿಯಾಗಿ ಹೊರಹೋಗುತ್ತದೆ. ಇದೇ ಬಾಷ್ಪವಿಸರ್ಜನೆ. ಬಿಸಿಲು ಎಳೆಯದಾಗಿ ಹವೆ ತಂಪಾದಾಗ ಈ ಕ್ರಿಯೆ ಮಂದವಾಗುತ್ತದೆ. ಬೇಸಗೆಯಲ್ಲಿ ಒಂದು ದಿನಕ್ಕೆ ಸಾಲುತ್ತಿದ್ದ ನೀರು ಈಗ ಮೂರು ನಾಲ್ಕು ದಿನ ಕುಂಡದಲ್ಲಿ ಉಳಿಯಬಹುದು. ಬೇರುಗಳೂ ಉಸಿರಾಡುತ್ತವೆ. ಮಣ್ಣಿನ ಕಣಗಳ ನಡುವಣ ಗಾಳಿಯೇ ಅವುಗಳಿಗೆ ಆಮ್ಲಜನಕವನ್ನು ಒದಗಿಸುತ್ತದೆ. ಆ ಎಡೆಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಕಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರನ್ನು ಹೀರಲಾರದು, ಎಲೆ ಜೋಲುತ್ತದೆ. ಮೇಲುನೋಟಕ್ಕೆ ಇದು ಬಾಯಾರಿಕೆಯಂತೆಯೇ ತೋರುವುದರಿಂದ ಮನೆಯವರು ಇನ್ನೊಂದು ಚೆಂಬು ನೀರೆರೆಯುತ್ತಾರೆ. ನೀರಿನಲ್ಲಿ ನಿಂತೇ ಗಿಡ ಒಣಗಿ ಸಾಯುವುದು ಹೀಗೆ.

ಉತ್ಥಾನ ದ್ವಾದಶಿಯ ಪೂಜೆ ಮುಗಿದ ಕೆಲವು ವಾರಗಳಲ್ಲಿ ಎಷ್ಟೋ ಮನೆಗಳ ತುಳಸಿ ಎಲೆಯುದುರಿಸಿ ಕಡ್ಡಿಯಾಗುತ್ತದೆ. ಹೂತೆನೆಗಳು ಬೀಜಗಟ್ಟುವಾಗ ಗಿಡದ ಸತ್ತ್ವ ಅತ್ತ ಹರಿದಿರುತ್ತದೆ. ಸಾಲದುದಕ್ಕೆ ನಿತ್ಯವೂ ಚೆಂಬಿನ ತುಂಬ ನೀರು. ಒಣಗಿದ ತೆನೆಗಳನ್ನು ಚಿವುಟಿ, ನಿತ್ಯದ ನೀರನ್ನು ಒಂದು ಉದ್ಧರಣೆಗೆ ಇಳಿಸಿದರೆ ಆಚಾರಕ್ಕೂ ಲೋಪವಿಲ್ಲ, ಗಿಡಕ್ಕೂ ಕ್ಷೇಮ.

ಉಳಿದ ಕುಂಡಗಳಿಗೆ ನೀರು ಬೇಕೇ ಎಂಬುದನ್ನು ಬೆರಳೇ ಹೇಳಬಲ್ಲದು. ಮಣ್ಣಿನಲ್ಲಿ ಒಂದಂಗುಲ ಆಳದವರೆಗೆ ತೇವ ತಗುಲದಿದ್ದರೆ ಮಾತ್ರ ಎರೆಯಬೇಕು. ಅದೂ ಬೆಳಗಿನ ಹೊತ್ತಿನಲ್ಲಿ, ಬುಡಕ್ಕೆ. ಸಂಜೆ ಎಲೆಗಳ ಮೇಲೆ ಚಿಮುಕಿಸಿದ ನೀರು ರಾತ್ರಿಯಿಡೀ ಆರದೆ ನಿಂತು, ಗುಲಾಬಿಯ ಕಪ್ಪುಚುಕ್ಕೆ ರೋಗದ ಶಿಲೀಂಧ್ರಕ್ಕೆ ಎಡೆಗೊಡುತ್ತದೆ.

ಮನೆಯೊಳಗಿನ ಗಿಡಗಳಿಗೆ ಬೆಳಕಿನ ಚಿಂತೆಯೂ ಉಂಟು. ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ದಕ್ಷಿಣದ ಕಿಟಕಿಯಲ್ಲಿ ಈಗ ಬಿಸಿಲು ಒಳಗಿಳಿಯುತ್ತದೆ. ಮನಿಪ್ಲಾಂಟ್, ಕ್ರೋಟನ್ ಮುಂತಾದವನ್ನು ಅದರ ಸಮೀಪಕ್ಕೆ ಸರಿಸಿ, ಎಲೆಗಳ ಧೂಳನ್ನು ಒದ್ದೆ ಬಟ್ಟೆಯಿಂದ ಒರಸಬೇಕು. ಬೆಳವಣಿಗೆ ನಿಂತಿರುವ ಗಿಡಕ್ಕೆ ಗೊಬ್ಬರ ಬೇಡ.

ಎಲ್ಲ ಗಿಡಗಳೂ ಮಾಗಿಯಲ್ಲಿ ತೂಕಡಿಸುವುದಿಲ್ಲ. ಸೇವಂತಿಗೆಯ ಸಂಭ್ರಮ ಈಗಲೇ. ಅದರ ಹಲವು ತಳಿಗಳು ಮೊಗ್ಗು ತಳೆಯಬೇಕಾದರೆ ದೀರ್ಘವಾದ, ಅಖಂಡವಾದ ಕತ್ತಲೆ ದೊರೆಯಬೇಕು. ಬೆಂಗಳೂರಿನಲ್ಲಿ ಜೂನ್ ತಿಂಗಳ ಹಗಲಿಗಿಂತ ಡಿಸೆಂಬರಿನ ಹಗಲು ಸುಮಾರು ಒಂದೂವರೆ ಗಂಟೆ ಚಿಕ್ಕದು. ಅಷ್ಟು ವ್ಯತ್ಯಾಸವನ್ನೂ ಗಿಡ ಅರಿಯುತ್ತದೆ. ಹಗಲಿರುಳಿನ ಪ್ರಮಾಣಕ್ಕೂ ಹೂವಿಗೂ ಇರುವ ಈ ನಂಟನ್ನು ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು 1920ರಲ್ಲಿ ಪ್ರಕಟಿಸಿದರು. ಜಗುಲಿಯ ದೀಪದಡಿಯಲ್ಲಿಟ್ಟ ಸೇವಂತಿಗೆ ಸೊಂಪಾಗಿ ಎಲೆಬಿಟ್ಟೂ ಹೂಬಿಡದಿರುವುದರ ಗುಟ್ಟು ಇಲ್ಲಿದೆ. ಅಂತಹ ಕುಂಡವನ್ನು ಸಂಜೆಯಾಗುತ್ತಲೇ ದೀಪದ ಬೆಳಕು ಬೀಳದ ಮೂಲೆಗೆ ಒಯ್ದು, ಬೆಳಗಾದಾಗ ಮತ್ತೆ ಬಿಸಿಲಿಗೆ ತಂದಿಡುತ್ತ ಬಂದರೆ ಕೆಲವು ವಾರಗಳಲ್ಲಿ ಕುಡಿಯ ನೆತ್ತಿಯಲ್ಲಿ ಹಸುರು ಮೊಗ್ಗು ಕಾಣಿಸಿಕೊಳ್ಳುತ್ತದೆ.