ಹಣ್ಣು ಕೊಯ್ಲಿನ ಮೈನೋವು, ಹಳೆ ಚೀಟಿಯ ಮಾತ್ರೆ

ಮೂಡಿಗೆರೆ, ಕಳಸದ ಕಾಫಿ ತೋಟಗಳಲ್ಲಿ ಮೈಕೈ ನೋವಿಗೆ ಬಿಡುವೆಂಬುದಿಲ್ಲ. ಹಣ್ಣು ಕೊಯ್ಲು ಮುಗಿಯುತ್ತಿದ್ದಂತೆ ಏಣಿ ಹತ್ತಿ ಮೆಣಸು ಕೊಯ್ಯಬೇಕು, ಮಳೆಗೆ ಮುಂಚೆ ನೆರಳಿನ ಮರಗಳ ಕೊಂಬೆ ಸವರುವ ಮರಗಸಿ. ಬಿದ್ದು ಪೆಟ್ಟಾದವನಿಗೆ ವೈದ್ಯರು ಐದು ದಿನಕ್ಕೆಂದು ಟ್ರಮಡಾಲ್ ಎಂಬ ನೋವಿನ ಮಾತ್ರೆ ಬರೆದುಕೊಟ್ಟರೆ ತಪ್ಪೇನಿಲ್ಲ. ತೊಂದರೆ ಶುರುವಾಗುವುದು ಆರನೆಯ ದಿನ, ಅದೇ ಚೀಟಿ ಹಿಡಿದು ಮತ್ತೆ ಮೆಡಿಕಲ್ ಶಾಪಿಗೆ ಹೋದಾಗ. ಇಲ್ಲವೇ ಲೈನ್ ಮನೆಯ ಪಕ್ಕದವರು "ನಂಗೂ ಸೊಂಟ ಹಿಡಿದಿದೆ, ಒಂದು ಕೊಡಣ್ಣ" ಎಂದಾಗ.

ಇಂಥ ಮಾತ್ರೆಗಳು ಪ್ಯಾರಾಸಿಟಮಾಲ್ ಜಾತಿಯವಲ್ಲ. ಟ್ರಮಡಾಲ್, ಟ್ಯಾಪೆಂಟಡಾಲ್, ಕೊಡೀನ್, ಮಾರ್ಫಿನ್ ಎಲ್ಲವೂ ಓಪಿಯಾಯ್ಡ್‌ಗಳು. ಮಿದುಳಿನಲ್ಲಿ ಅಫೀಮು ಹಿಡಿಯುವ ದಾರಿಯನ್ನೇ ಹಿಡಿಯುತ್ತವೆ. ನೋವು ತಗ್ಗಿಸುವುದರ ಜೊತೆಗೆ ಒಂದು ಹಿತವನ್ನೂ ಕೊಡುತ್ತವೆ. ಆ ಹಿತಕ್ಕೆಂದೇ ನುಂಗುವವರೂ ಇದ್ದಾರೆ. ದಿನ ಕಳೆದಂತೆ ಮೈ ಒಗ್ಗಿಹೋಗಿ, ಮೊದಲಿನ ಪ್ರಮಾಣ ಸಾಲದಾಗುತ್ತದೆ.

ಹೀಗೆ ಒಗ್ಗಿದವನು ಬಿಟ್ಟು ನೋಡಲಿ. ಮರುದಿನವೇ ಮೂಗು ಸೋರುತ್ತದೆ, ಆಕಳಿಕೆಯ ಮೇಲೆ ಆಕಳಿಕೆ, ಮೈ ಜುಮ್ಮೆಂದು ಚಳಿ, ಹೊಟ್ಟೆ ನುಲಿತ, ಭೇದಿ, ಮೂಳೆ ಹಿಂಡುವ ನೋವು. ರಾತ್ರಿ ನಿದ್ದೆಯಿಲ್ಲ. ಮಳೆಗಾಲದಲ್ಲಿ ಕಂಡವರು ಥಂಡಿ ಜ್ವರ ಎಂದುಕೊಳ್ಳುತ್ತಾರೆ. ನರಳುವವನಿಗೆ ಹಳೆ ಸೊಂಟನೋವೇ ಮರಳಿದಂತೆ ಅನ್ನಿಸುತ್ತದೆ. ಒಂದು ಮಾತ್ರೆ ನುಂಗಿದರೆ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮಾಯ. "ನೋವಿಗೇ ತಾನೆ ತಗೊಳ್ಳೋದು" ಎಂಬ ಅವನ ಮಾತು ಸುಳ್ಳಲ್ಲ. ಆದರೆ ಆ ನೋವನ್ನು ಈಗ ತರುತ್ತಿರುವುದು ಮಾತ್ರೆಯೇ. ದುಡಿಯುವವರ ನಡುವೆ ಈ ಚಟ ಯಾರ ಕಣ್ಣಿಗೂ ಬೀಳದೆ ಬೆಳೆಯುವುದು ಹೀಗೆಯೇ ಎಂದು ನನಗನ್ನಿಸುತ್ತದೆ. ಕುಡಿದರೆ ವಾಸನೆಯಾದರೂ ಬರುತ್ತದೆ.

2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಲೆಕ್ಕದಲ್ಲಿ ದೇಶದ ನೂರಕ್ಕೆ ಸುಮಾರು ಒಬ್ಬರು ಔಷಧರೂಪದ ಓಪಿಯಾಯ್ಡ್ ಬಳಸುತ್ತಿದ್ದರು. ಅದಕ್ಕೆ ಮುಂಚೆ, 2018ರ ಏಪ್ರಿಲ್‌ನಲ್ಲೇ, ಟ್ರಮಡಾಲ್ ಅನ್ನು ಮಾದಕವಸ್ತು ಕಾಯಿದೆಯಡಿ ತರಲಾಗಿತ್ತು. ಟ್ಯಾಪೆಂಟಡಾಲ್ ಆಗ ಹೊರಗೇ ಉಳಿಯಿತು. 2020ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು ಅದರ ಚಟ ಹತ್ತಿದವರ ಬಗ್ಗೆ ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. ನುಂಗುವ ಮಾತ್ರೆಯನ್ನು ರಕ್ತನಾಳಕ್ಕೆ ಚುಚ್ಚಿಕೊಳ್ಳುವವರೂ ಇದ್ದಾರೆ. ಮಾತ್ರೆಯ ಪುಡಿಯಲ್ಲಿರುವ ಕರಗದ ವಸ್ತು ರಕ್ತನಾಳ ಕಟ್ಟಿಸುತ್ತದೆ; ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ.

ಜೀವ ತೆಗೆಯುವುದು ಮುಖ್ಯವಾಗಿ ಉಸಿರು ಕಟ್ಟುವುದು. ಪ್ರಮಾಣ ಮೀರಿದರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗಬಹುದು. ಜೊತೆಗೆ ಸಾರಾಯಿಯೋ ನಿದ್ದೆ ಮಾತ್ರೆಯೋ ಸೇರಿದರೆ ಅಪಾಯ ಇನ್ನೂ ಹತ್ತಿರ. ಎಬ್ಬಿಸಿದರೂ ಏಳದೆ, ತುಟಿ ನೀಲಿಯಾಗಿ, ಕಣ್ಣ ಪಾಪೆ ಸಾಸಿವೆಯಷ್ಟಾಗಿದ್ದರೆ "ಮಲಗಲಿ ಬಿಡಿ" ಎನ್ನದೆ 108ಕ್ಕೆ ಕರೆ ಮಾಡಿ, ಏನು ನುಂಗಿದ್ದಾನೆಂದು ಮುಚ್ಚಿಡದೆ ಹೇಳಬೇಕು. ನಾಲಾಕ್ಸೋನ್ ಎಂಬ ಚುಚ್ಚುಮದ್ದು ಉಸಿರನ್ನು ಮರಳಿ ತರಬಲ್ಲದು.

ಚಟಕ್ಕೆ ಚಿಕಿತ್ಸೆಯಿದೆ. ನಾಲಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯನ್ನು ವೈದ್ಯರ ಕಣ್ಗಾವಲಿನಲ್ಲಿ ಕೊಟ್ಟು ನಡುಕ, ನೋವು, ಹಂಬಲ ತಗ್ಗಿಸುತ್ತಾರೆ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಚಿಕಿತ್ಸೆಯಲ್ಲ. ಹಾಗೆ ಬಿಟ್ಟವನು ತಿಂಗಳ ನಂತರ ಹಳೆಯ ಪ್ರಮಾಣವನ್ನೇ ನುಂಗಿದರೆ, ಒಗ್ಗಿಕೆ ಕಳೆದುಕೊಂಡ ಮೈ ಅದನ್ನು ತಡೆಯದೆ ಪ್ರಾಣ ಹೋಗಬಹುದು. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಇಷ್ಟು ಓದಿ ಹೆದರಿ, ಮನೆಯಲ್ಲಿರುವ ಕ್ಯಾನ್ಸರ್ ರೋಗಿಯ ಮಾರ್ಫಿನ್ ನಿಲ್ಲಿಸಬೇಡಿ. 1985ರ ಆ ಮಾದಕವಸ್ತು ಕಾಯಿದೆಯ ಬಿಗಿಯಿಂದ ವರ್ಷಗಟ್ಟಲೆ ಅಂಥವರಿಗೂ ಮಾರ್ಫಿನ್ ಸಿಗದೆ ನರಳಾಟವಾಯಿತು. 2014ರ ತಿದ್ದುಪಡಿ ಆ ಕಟ್ಟನ್ನು ಸಡಿಲಿಸಿತು. ಅವರ ಮಾತ್ರೆ ಅವರಿಗೆ ಹೊತ್ತಿಗೆ ಸರಿಯಾಗಿ ಸಲ್ಲಲಿ. ಡಬ್ಬಿ ಬೀರುವಿನಲ್ಲಿ ಬೀಗ ಹಾಕಿರಲಿ, ಮಿಕ್ಕಿದ್ದನ್ನು ಏನು ಮಾಡಬೇಕೆಂದು ಕೊಟ್ಟ ಆಸ್ಪತ್ರೆಯಲ್ಲೇ ಕೇಳಿ.