ಪ್ರೆಸ್ಸಿನ ಬಾಯಿಗೆ ಕೈ ಹೋಗದಂತೆ

ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಶೆಡ್ಡುಗಳಲ್ಲಿ ತಗಡನ್ನು ಕತ್ತರಿಸಿ, ತೂತು ಹೊಡೆದು, ಬಗ್ಗಿಸಿ ಬಿಡಿಭಾಗ ಮಾಡುವ ಯಂತ್ರ ಪವರ್ ಪ್ರೆಸ್. ಕೆಳಗೆ ಡೈ, ಮೇಲಿನಿಂದ ಇಳಿಯುವ ಪಂಚ್. ಆಪರೇಟರ್ ತುಂಡನ್ನು ಡೈ ಮೇಲಿಟ್ಟು ಪೆಡಲ್ ತುಳಿದರೆ ಒಂದು ಪೆಟ್ಟು. ಕೈ ಒಳಗಿರುವಾಗಲೇ ಕಾಲು ತುಳಿದರೆ ಬೆರಳು ಹೋಯಿತು. ಶಿಫ್ಟಿನುದ್ದಕ್ಕೂ ಕೈಕಾಲುಗಳ ತಾಳ ಒಮ್ಮೆಯೂ ತಪ್ಪುವುದಿಲ್ಲ ಎಂದು ನಂಬಿಕೊಂಡು ಕೆಲಸ ನಡೆಸುವುದೇ ಇಲ್ಲಿನ ಮೂಲ ದೋಷ.

ಇಳಿಯುವ ಪಂಚ್ ಅಪಾಯದ ಮೂಲ. ಅದರಿಂದ ಗಾಯವಾಗುವ ಸಾಧ್ಯತೆ ಎಷ್ಟು, ಗಾಯವಾದರೆ ಅದು ಎಷ್ಟು ದೊಡ್ಡದು ಎಂಬೆರಡನ್ನೂ ಸೇರಿಸಿ ಅಳೆದದ್ದು ರಿಸ್ಕ್. ಹಲವು ಕಾರ್ಖಾನೆಗಳಲ್ಲಿ ಎರಡಕ್ಕೂ 1ರಿಂದ 5ರವರೆಗೆ ಅಂಕ ಕೊಟ್ಟು ಗುಣಿಸುತ್ತಾರೆ. ‘ಹತ್ತು ವರ್ಷದಿಂದ ಏನೂ ಆಗಿಲ್ಲವಲ್ಲ’ ಎಂದು ಸಾಧ್ಯತೆಗೆ 1 ಹಾಕಿದರೆ, ಗಾಯಕ್ಕೆ 4 ಕೊಟ್ಟರೂ ಲಬ್ಧ 4 ಮಾತ್ರ. ನೆಲಕ್ಕೆ ಚೆಲ್ಲಿದ ಎಣ್ಣೆಗೆ ಮೂರು ಮೂರಲೆ ಒಂಬತ್ತು ಬಂದು, ಬೆರಳು ಕತ್ತರಿಸುವ ಪ್ರೆಸ್ ಪಟ್ಟಿಯಲ್ಲಿ ಕೆಳಕ್ಕೆ ಇಳಿಯುತ್ತದೆ! ಗುಣಾಕಾರ ಸರಿಯಾಗಿಯೇ ಇದೆ, ತಪ್ಪಿರುವುದು ಆ 1.

ಸರಿಯಾದ ಅಂಕ ಆಫೀಸಿನಲ್ಲಿ ಕೂತರೆ ಸಿಗುವುದಿಲ್ಲ. ಶಿಫ್ಟ್ ಮುಗಿಯುವ ಹೊತ್ತಿಗೆ ಪ್ರೆಸ್ಸಿನ ಪಕ್ಕ ನಿಲ್ಲಬೇಕು. ತುಂಡು ಎತ್ತಲು ಕೊಟ್ಟ ಇಕ್ಕಳ ಮೊಳೆಗೆ ನೇತಾಡುತ್ತಿರುತ್ತದೆ, ಏಕೆಂದರೆ ಅದನ್ನು ಹಿಡಿದರೆ ಕೆಲಸ ನಿಧಾನ, ಕೂಲಿಯೋ ಪೀಸಿನ ಲೆಕ್ಕ. ಡೈ ಬದಲಿಸಲು ಬಿಚ್ಚಿದ ಗಾರ್ಡ್ ಮತ್ತೆ ಕೂರದೆ ಗೋಡೆಗೆ ಒರಗಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಫ್ಲೈವೀಲ್ ಸುಮಾರು ಹೊತ್ತು ತಿರುಗುತ್ತಲೇ ಇರುತ್ತದೆ. ಅದು ನಿಲ್ಲುವ ಮೊದಲು, ಪಂಚಿನ ಕೆಳಗೆ ಆಧಾರದ ದಿಮ್ಮಿ ಕೊಡದೆ, ಡೈಗೆ ಕೈ ಹಾಕುವಂತಿಲ್ಲ.

1948ರ ಕಾರ್ಖಾನೆ ಕಾಯ್ದೆಯ 21ನೇ ಸೆಕ್ಷನ್ ಯಂತ್ರದ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕೆಂದು ವಿಧಿಸಿತು. ‘ಹುಷಾರಾಗಿ ಕೆಲಸ ಮಾಡಿ’ ಎಂಬ ಬೋರ್ಡಿಗಿಂತ ಬೇಲಿಗೆ ಬೆಲೆ ಹೆಚ್ಚು. ಅಪಾಯವನ್ನೇ ತೆಗೆದುಹಾಕುವುದು ಮೊದಲ ಆಯ್ಕೆ. ಆಗದಿದ್ದರೆ ಕಡಿಮೆ ಅಪಾಯದ ವಿಧಾನ, ಆಮೇಲೆ ತಡೆ, ಆಮೇಲೆ ನಿಯಮ ಮತ್ತು ತರಬೇತಿ. ಕೈಗವಸು ಕಟ್ಟಕಡೆಯದು. ಟನ್‌ಗಟ್ಟಲೆ ಬಲದಲ್ಲಿ ಇಳಿಯುವ ಪಂಚಿಗೆ ಕೈಗವಸು ಯಾವ ಲೆಕ್ಕ? ತಿರುಗುವ ಡ್ರಿಲ್ ಮುಂದಂತೂ ಅದೇ ಸುತ್ತಿಕೊಂಡು ಕೈಯನ್ನು ಎಳೆದೀತು.

ಪ್ರೆಸ್ಸಿನಲ್ಲಿ ಮೊದಲ ಆಯ್ಕೆ ಎಂದರೆ ಕೈ ಒಳಗೆ ಹೋಗುವ ಅಗತ್ಯವೇ ಇಲ್ಲದಂತೆ ಮಾಡುವುದು: ತಗಡಿನ ಪಟ್ಟಿಯನ್ನು ಫೀಡರ್ ತಳ್ಳಬೇಕು, ಇಲ್ಲವೇ ಪಂಚ್ ಮತ್ತು ಡೈ ನಡುವಿನ ಸಂದು 6 ಮಿಲಿಮೀಟರ್ ಮೀರದಷ್ಟು ಕಿರಿದಾಗಿ ಬೆರಳು ತೂರದಂತಿರಬೇಕು. ಎರಡೂ ಸಾಧ್ಯವಾಗದ ಕಡೆ ಗಾರ್ಡ್ ಅಥವಾ ಲೈಟ್ ಕರ್ಟನ್. ಬೆಳಕಿನ ಗೆರೆಯನ್ನು ಕೈ ದಾಟಿದೊಡನೆ ಕರ್ಟನ್ ಯಂತ್ರವನ್ನು ನಿಲ್ಲಿಸಬೇಕು. ಆದರೆ ಹಳೆಯ ಕೀ ಕ್ಲಚ್ ಪ್ರೆಸ್ಸಿಗೆ ಇದು ಕೆಲಸಕ್ಕೆ ಬಾರದು. ಅದರ ಕ್ಲಚ್ ಒಮ್ಮೆ ಹಿಡಿದರೆ ಸುತ್ತು ಮುಗಿಯುವ ತನಕ ಬಿಡುವುದಿಲ್ಲ. ನಡುವೆ ನಿಲ್ಲಬಲ್ಲ ಪ್ರೆಸ್ಸಿಗೂ ಕರ್ಟನ್ ಎಷ್ಟು ದೂರ ಎನ್ನುವುದಕ್ಕೆ ಲೆಕ್ಕವಿದೆ. ಅಮೆರಿಕದ ನಿಯಮ ಕೈಯ ವೇಗವನ್ನು ಸೆಕೆಂಡಿಗೆ ಸುಮಾರು 1.6 ಮೀಟರ್ ಎಂದು ಹಿಡಿಯುತ್ತದೆ. ಪಂಚ್ ನಿಲ್ಲಲು 0.3 ಸೆಕೆಂಡ್ ಬೇಕಾದರೆ ಕೈ ಅಷ್ಟರಲ್ಲಿ 48 ಸೆಂಟಿಮೀಟರ್ ಸಾಗಿರುತ್ತದೆ. ಕರ್ಟನ್ ಅದಕ್ಕೂ ಆಚೆ ಇರಬೇಕು. ಬ್ರೇಕ್ ಸವೆದಂತೆ ನಿಲ್ಲುವ ಹೊತ್ತು ಹೆಚ್ಚುತ್ತದೆ, ಹೋದ ವರ್ಷ ಸಾಕಾಗಿದ್ದ ದೂರ ಈ ವರ್ಷ ಸಾಲದು.

ಹಾಗಾಗಿ ರಿಸ್ಕಿನ ಅಂದಾಜನ್ನು ಒಮ್ಮೆ ಬರೆದು ಫೈಲಿಗೆ ಸೇರಿಸಿದರೆ ಮುಗಿಯುವುದಿಲ್ಲ. ಡೈ ಬದಲಾದಾಗ, ಹೊಸ ಹೆಲ್ಪರ್ ಬಂದಾಗ, ರಾತ್ರಿ ಶಿಫ್ಟ್ ಶುರುವಾದಾಗ ಮತ್ತೆ ನೋಡಬೇಕು. ಗಾಯವಾಗದೆ ತಪ್ಪಿಹೋದ ಘಟನೆಗಳನ್ನೂ ಬರೆದಿಡಬೇಕು. ಕ್ಲಚ್ಚಿನ ಕೀ ಸವೆದ ಪ್ರೆಸ್ ಕೆಲವೊಮ್ಮೆ ಪೆಡಲ್ ತುಳಿಯದಿದ್ದರೂ ಎರಡನೇ ಪೆಟ್ಟು ಹೊಡೆಯುತ್ತದೆ. ಆ ಕ್ಷಣ ಕೈ ಹೊರಗಿದ್ದರೂ, ಕ್ಲಚ್ ಬಿಚ್ಚಿ ನೋಡುವ ತನಕ ಆ ಯಂತ್ರದಲ್ಲಿ ಮುಂದಿನ ಪೀಸ್ ಹೊಡೆಯುವಂತಿಲ್ಲ.